ಸಿಸ್ಟರ್ ಮಲಗುವುದು ಯಾವಾಗ?



ನಾನಿರುವುದು ಬೆಳಗಾವಿಯ ಅನಗೋಳದಲ್ಲಿ. ಮೊದಲು ವಾರ್ಡಿನಲ್ಲಿ ದುಡಿದು, ಆಮೇಲೆ ನರ್ಸಿಂಗ್ ಕಲಿಯುವ ಮಕ್ಕಳಿಗೆ ಪಾಠ ಹೇಳಿ ಸೇವೆ ಮುಗಿಸಿದವಳು. ಮಹಾಮಾರಿಯ ಕಾಲದಲ್ಲಿ ನರ್ಸ್‌ಗಳ ಮನಸ್ಸಿಗೆ ಏನಾಯಿತು, ಹಾಗಾಗದಂತೆ ಹೇಗೆ ನೋಡಿಕೊಳ್ಳಬಹುದಿತ್ತು ಎಂಬುದರ ಬಗ್ಗೆ ಇವತ್ತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ. ಕೊರೊನಾ ಮುಗಿದ ಕಥೆಯಲ್ಲವೇ, ಈಗೇಕೆ ಅದರ ಮಾತು ಎಂದು ನೀವು ಕೇಳಬಹುದು. ಊರಿಗೆ ಅದು ಮುಗಿದ ಕಥೆ. ಆ ವಾರ್ಡುಗಳಲ್ಲಿ ನಿಂತವರಲ್ಲಿ ಹಲವರಿಗೆ ಇನ್ನೂ ಮುಗಿದಿಲ್ಲ.

2020ರ ಏಪ್ರಿಲ್ ತಿಂಗಳನ್ನು ನೆನಪು ಮಾಡಿಕೊಳ್ಳಿ. ಬೆಳಗಾವಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯ ಆಸ್ಪತ್ರೆ, ಅಂದರೆ ನಾವೆಲ್ಲ ಬಿಮ್ಸ್ ಎಂದು ಕರೆಯುವ ನಮ್ಮ ಜಿಲ್ಲಾ ಆಸ್ಪತ್ರೆ, ಕೊರೊನಾ ರೋಗಿಗಳ ಚಿಕಿತ್ಸೆಗೆ ನಿಂತಿತ್ತು. ಅಲ್ಲಿಯ ಒಬ್ಬ ನರ್ಸ್ ಡ್ಯೂಟಿಯ ಸರದಿ ಮುಗಿಯುವವರೆಗೆ ಮನೆಗೆ ಹೋಗುವಂತಿರಲಿಲ್ಲ. ಊರಿನ ಒಂದು ಹೋಟೆಲಿನಲ್ಲಿ ಅವರನ್ನು ಇರಿಸಿದ್ದರು. ಅಮ್ಮ ಬೇಕೆಂದು ಹಟ ಹಿಡಿದ ಮೂರು ವರ್ಷದ ಮಗಳನ್ನು ಗಂಡ ಬೈಕಿನ ಮೇಲೆ ಕೂರಿಸಿಕೊಂಡು ಅಲ್ಲಿಗೆ ಕರೆತಂದರು. ಮಗು ಬೈಕಿನ ಮೇಲೆಯೇ ಕೂತು ಅಳುತ್ತಿತ್ತು. ತಾಯಿ ಹತ್ತಿರ ಬರುವಂತಿರಲಿಲ್ಲ, ದೂರದಲ್ಲೇ ನಿಂತು ಕಣ್ಣೀರು ಹಾಕುತ್ತ ಕೈ ಬೀಸಿದರು. ಆ ವಿಡಿಯೋ ನಾಡೆಲ್ಲ ಸುತ್ತಾಡಿತು. ಅಂದಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪನವರು ಆ ತಾಯಿಗೆ ಫೋನ್ ಮಾಡಿ ಧೈರ್ಯ ಹೇಳಿದರು. ಟಿ.ವಿ. ಮುಂದೆ ಕೂತು ಕಣ್ಣೊರೆಸಿಕೊಳ್ಳದವರಿಲ್ಲ.

ಮರುಗುವುದು ಒಳ್ಳೆಯದೇ. ಆದರೆ ಅಂದು ಅಷ್ಟು ಜನ ಮರುಗಿದರಲ್ಲ, ಒಬ್ಬರಾದರೂ ಈ ಪ್ರಶ್ನೆ ಕೇಳಿದರೇ? ಈ ತಾಯಿಗೆ ಇನ್ನೆಷ್ಟು ದಿನ ಡ್ಯೂಟಿ? ಅವರು ಇಳಿದ ಮೇಲೆ ಆ ಜಾಗಕ್ಕೆ ಯಾರು ಬರುತ್ತಾರೆ? ಬರುವವರು ಇದ್ದಾರೆಯೇ? ನನ್ನ ಮಾತಿನ ತಿರುಳೆಲ್ಲ ಇಷ್ಟೇ. ನರ್ಸ್‌ಗಳ ಮನಸ್ಸು ಕೆಡುವುದೂ ಉಳಿಯುವುದೂ ಮೊದಲು ಡ್ಯೂಟಿ ಪಟ್ಟಿಯಲ್ಲಿ. ಆಪ್ತಸಮಾಲೋಚನೆ, ಯೋಗ, ಸನ್ಮಾನ, ಶಾಲು ಎಲ್ಲ ಅದರ ನಂತರದ ಮಾತು.

ಅನಗೋಳ ಹೇಗಿದೆ ಎಂದು ಬೆಳಗಾವಿಯವರಿಗೆ ಹೇಳಬೇಕಾಗಿಲ್ಲ. ಬೇರೆ ಊರಿನವರಿಗೆ ಹೇಳುತ್ತೇನೆ. ಒಂದು ಕಾಲಕ್ಕೆ ಇದು ಬೇರೆಯೇ ಹಳ್ಳಿ, ಈಗ ನಗರದ ದಕ್ಷಿಣ ಭಾಗ. ಒಂದು ಕಡೆ ಟಿಳಕವಾಡಿ, ಇನ್ನೊಂದು ಕಡೆ ಉದ್ಯಮಬಾಗದ ಫೌಂಡ್ರಿಗಳು, ಹತ್ತಿರದಲ್ಲೇ ಖಾನಾಪುರಕ್ಕೆ ಹೋಗುವ ರಸ್ತೆ. ಹಳೆಯ ಓಣಿಗಳಲ್ಲಿ ಒಂದರ ಗೋಡೆಗೆ ಇನ್ನೊಂದು ಅಂಟಿದ ಮನೆಗಳು. ಒಂದು ಮನೆಯಲ್ಲಿ ಮರಾಠಿ, ಪಕ್ಕದ ಮನೆಯಲ್ಲಿ ಕನ್ನಡ, ಕಟ್ಟೆಯ ಮೇಲೆ ಎರಡೂ. ಖಾನಾಪುರ ತಾಲೂಕಿನ ಹಳ್ಳಿಗಳಿಂದ ನರ್ಸಿಂಗ್ ಕಲಿತು ಬಂದ ಹುಡುಗಿಯರು ಇಬ್ಬಿಬ್ಬರು ಮೂವರು ಸೇರಿ ಇಲ್ಲಿ ಖೋಲಿ ಹಿಡಿದು, ನಗರದ ಆಸ್ಪತ್ರೆಗಳಿಗೆ ಡ್ಯೂಟಿಗೆ ಹೋಗುತ್ತಾರೆ. ಅವರಲ್ಲಿ ಕೆಲವರು ನನ್ನ ಹತ್ತಿರ ಕಲಿತವರು. ಹಾಗಾಗಿ ಕೊರೊನಾ ಕಾಲದಲ್ಲಿ ನನ್ನ ಫೋನಿಗೆ ರಾತ್ರಿ ಬಿಡುವಿರುತ್ತಿರಲಿಲ್ಲ.

ಆ ಫೋನುಗಳಿಗೆಲ್ಲ ಒಂದೇ ರೀತಿ ಇರುತ್ತಿತ್ತು. ಮೊದಲು ಯಾವುದೋ ಔಷಧದ ಪ್ರಮಾಣ ಕೇಳುವುದು. ಅದು ಅವಳಿಗೆ ಗೊತ್ತಿರುವುದೇ. ಆಮೇಲೆ "ಮಕ್ಕೊಂಡಿದ್ರೇನ್ರಿ ಮೇಡಂ?" ಎನ್ನುವುದು. "ಇಲ್ಲ ತಂಗಿ, ಹೇಳು" ಎಂದರೆ "ಏನಿಲ್ರಿ, ಸುಮ್ನ ಮಾಡಿದ್ನಿ" ಎನ್ನುವುದು. ಆ "ಸುಮ್ನ" ಬಂತೆಂದರೆ ನಾನು ಎದ್ದು ಕೂರುತ್ತಿದ್ದೆ.

ಹಾಗೆ ಬಂದ ಮಾತುಗಳಲ್ಲಿ ಒಂದನ್ನು ಹೇಳುತ್ತೇನೆ. ಹೇಳಿದವಳ ಹೆಸರು, ಆಸ್ಪತ್ರೆಯ ಹೆಸರು ಬೇಡ. "ಒಬ್ಬ ಅಜ್ಜಾರಿದ್ರು ರೀ ಮೇಡಂ. ಮಗಾ ಪುಣೆದಾಗ, ಬರಾಕ ಆಗಂಗಿಲ್ಲ. ವಿಡಿಯೋ ಕಾಲ್ ಹಚ್ಚಿ ಕೊಟ್ನಿ. ಅಜ್ಜಾರು ಮಗನ ಮಾರಿ ನೋಡ್ಲೇ ಇಲ್ರಿ, ನನ್ನ ಕೈನ ಹಿಡ್ಕೊಂಡ್ರು. ನನಗ ಕಿಟ್ ಹಾಕ್ಕೊಂಡು ಆರು ತಾಸ ಮ್ಯಾಲಾಗಿತ್ತು. ಆ ಕಡೆ ಬೆಡ್ಡಿನಾಗ ಇನ್ನೊಬ್ಬರದ್ದು ಸ್ಯಾಚುರೇಶನ್ ಇಳಿಯಾಕತ್ತಿತ್ತು. ಕೈ ಬಿಡಿಸ್ಕೊಂಡು ಹೋದ್ನಿ ರೀ." ಇಷ್ಟು ಹೇಳಿ ಸುಮ್ಮನಾದಳು. ನಾನೂ ಏನೂ ಕೇಳಲಿಲ್ಲ. ಆಮೇಲೆ ಅವಳೇ ಹೇಳಿದಳು: "ಹ್ಯಾಂಡೋವರ್ ಕೊಡೋ ಹೊತ್ತಿಗೆ ಆ ಬೆಡ್ ಖಾಲಿ ಆಗಿತ್ರಿ."

ಇದರಲ್ಲಿ ಅವಳ ತಪ್ಪೇನೂ ಇಲ್ಲ. ಉಸಿರು ಕಡಿಮೆಯಾಗುತ್ತಿರುವ ರೋಗಿಯ ಕಡೆಗೆ ಓಡಬೇಕಾದದ್ದೇ ನರ್ಸಿನ ಧರ್ಮ, ಅವಳು ಓಡಿದಳು. ಆದರೂ ರಾತ್ರಿ ಮಲಗಿದಾಗ ಅವಳಿಗೆ ನೆನಪಾಗುವುದು ಬದುಕಿ ಉಳಿದವರಲ್ಲ, ಕೈ ಬಿಡಿಸಿಕೊಂಡದ್ದು. ಮನೋವೈದ್ಯರು ಇದಕ್ಕೆ ನೈತಿಕ ಗಾಯ ಎನ್ನುತ್ತಾರೆ. ಯುದ್ಧದಿಂದ ಮರಳಿದ ಸೈನಿಕರನ್ನು ಕುರಿತು ಹುಟ್ಟಿದ ಮಾತು ಇದು. ಸರಿ ಯಾವುದೆಂದು ಗೊತ್ತಿದ್ದೂ ಮಾಡಲಾಗದೆ ಹೋದಾಗ, ಅಥವಾ ಎರಡು ಸರಿಗಳಲ್ಲಿ ಒಂದನ್ನು ಬಿಡಲೇಬೇಕಾದಾಗ ಆಗುವ ಗಾಯ. ಇದು ಭಯವಲ್ಲ. ಭಯಕ್ಕೆ ಮಾಸ್ಕು ಇದೆ, ಕಿಟ್ ಇದೆ, ಲಸಿಕೆ ಇದೆ. ಈ ಗಾಯಕ್ಕೆ ಅವು ಯಾವುವೂ ಆಗಿಬರುವುದಿಲ್ಲ.

ತೀವ್ರ ನಿಗಾ ಘಟಕದಲ್ಲಿ ಒಬ್ಬ ರೋಗಿಗೆ ಒಬ್ಬ ನರ್ಸ್ ಇರಬೇಕೆಂಬುದು ನಮ್ಮ ದೇಶದಲ್ಲಿ ಒಪ್ಪಿಕೊಂಡ ಅಳತೆ. ಆ ಅಳತೆಯಂತೆ ನಡೆದಿದ್ದರೆ ನನ್ನ ವಿದ್ಯಾರ್ಥಿನಿ ಅಜ್ಜನ ಕೈ ಬಿಡಿಸಿಕೊಳ್ಳಬೇಕಾಗಿರಲಿಲ್ಲ. ಆ ಕಡೆಯ ಬೆಡ್ಡಿಗೆ ಬೇರೆ ನರ್ಸ್ ಇರುತ್ತಿದ್ದಳು. ಅಂದರೆ ಅವಳ ಮನಸ್ಸಿನ ಗಾಯಕ್ಕೆ ಕಾರಣ ಹುಡುಕುತ್ತ ಹೋದರೆ ನಾವು ತಲುಪುವುದು ಅವಳ ಸ್ವಭಾವಕ್ಕಲ್ಲ, ಗೋಡೆಗೆ ಅಂಟಿಸಿದ ಡ್ಯೂಟಿ ಪಟ್ಟಿಗೆ.

ಆ ದಿನಗಳ ಕೆಲಸ ಹೇಗಿತ್ತು ಎಂಬುದನ್ನೂ ಸ್ವಲ್ಪ ತಿಳಿದುಕೊಳ್ಳಬೇಕು. ಪಿಪಿಇ ಕಿಟ್ ಹಾಕಿಕೊಂಡರೆ ಬಿಚ್ಚುವವರೆಗೆ ನೀರು ಕುಡಿಯುವಂತಿಲ್ಲ, ಶೌಚಾಲಯಕ್ಕೆ ಹೋಗುವಂತಿಲ್ಲ. ಆದ್ದರಿಂದ ಡ್ಯೂಟಿಗೆ ಹೋಗುವ ಮೊದಲೇ ನೀರು ಕುಡಿಯುವುದನ್ನು ಬಿಡುತ್ತಿದ್ದರು. ತಿಂಗಳ ದಿನಗಳಲ್ಲಿ ಹೆಣ್ಣುಮಕ್ಕಳ ಪಾಡು ಏನಾಗಿರಬೇಕು ಎಂಬುದನ್ನು ಯಾವ ಸುತ್ತೋಲೆಯೂ ಕೇಳಲಿಲ್ಲ. ಬೆವರು ಇಳಿದು ಗಾಗಲ್ ಒಳಗೆ ಮಂಜು ಕಟ್ಟಿದಾಗ ಸೂಜಿ ಚುಚ್ಚಲು ರಕ್ತನಾಳ ಕಾಣಿಸುವುದಿಲ್ಲ, ಎರಡು ಕೈಗವಸಿನ ಕೆಳಗೆ ಬೆರಳಿಗೂ ತಿಳಿಯುವುದಿಲ್ಲ. ಎಲ್ಲರೂ ಒಂದೇ ತರಹ ಕಾಣುತ್ತಾರೆಂದು ಎದೆಯ ಮೇಲೆ, ಬೆನ್ನ ಮೇಲೆ ಮಾರ್ಕರ್ ಪೆನ್ನಿನಿಂದ ಹೆಸರು ಬರೆದುಕೊಳ್ಳುತ್ತಿದ್ದರು. ರೋಗಿಗೆ ಸಿಸ್ಟರ್‌ನ ಮುಖ ಕಾಣದು, ಸಿಸ್ಟರ್‌ಗೆ ತನ್ನ ನಗೆ ರೋಗಿಗೆ ತಲುಪಿತೋ ಇಲ್ಲವೋ ತಿಳಿಯದು. ನಮ್ಮ ವೃತ್ತಿಯಲ್ಲಿ ಅರ್ಧ ಕೆಲಸ ಮುಖದ್ದು ಮತ್ತು ಕೈಯದ್ದು. ಅವೆರಡನ್ನೂ ಮುಚ್ಚಿಕೊಂಡು ಅವರು ದುಡಿದರು. ಬ್ರದರ್‌ಗಳ, ಅಂದರೆ ಗಂಡು ನರ್ಸ್‌ಗಳ ಕಥೆಯೂ ಇದೇ. ಹೆಣವನ್ನು ಚೀಲಕ್ಕೆ ಹಾಕಿ ಕಟ್ಟುವ ಕೆಲಸ ಹೆಚ್ಚಾಗಿ ಅವರ ಪಾಲಿಗೇ ಬರುತ್ತಿತ್ತು, ಅತ್ತರೆ ಗಂಡಸಾಗಿ ಅಳುತ್ತಾನೆ ಎಂಬ ಮಾತು ಬೇರೆ.

ಡ್ಯೂಟಿ ಮುಗಿಸಿ ಮನೆಗೆ ಬಂದರೆ ಓಣಿ ಬೇರೆಯೇ ಆಗಿರುತ್ತಿತ್ತು. ಒಬ್ಬ ಹುಡುಗಿಗೆ ಖೋಲಿಯ ಮಾಲೀಕರು ನೇರವಾಗಿ ಹೋಗು ಎನ್ನಲಿಲ್ಲ. "ತಂಗಿ, ನಮ್ಮ ಮನಿಯಾಗ ವಯಸ್ಸಾದವ್ರ ಅದಾರ, ನೀನ ವಿಚಾರ ಮಾಡು" ಎಂದರು. ನಳದ ಹತ್ತಿರ ಅವಳ ಕೊಡ ಬಂದರೆ ಉಳಿದ ಕೊಡಗಳು ಸರಿಯುತ್ತಿದ್ದವು. ಅದೇ ಓಣಿಯಲ್ಲಿ 2020ರ ಮಾರ್ಚ್ 22ರ ಸಂಜೆ ಐದು ಗಂಟೆಗೆ ವೈದ್ಯರಿಗೆ, ನರ್ಸ್‌ಗಳಿಗೆ ಕೃತಜ್ಞತೆಯೆಂದು ತಾಟು, ಜಾಗಟೆ ಬಾರಿಸಿದ್ದರು. ಬಾರಿಸಿದವರೂ ಕೊಡ ಸರಿಸಿದವರೂ ಒಂದೇ ಜನ. ಅವರನ್ನು ಕೆಟ್ಟವರೆನ್ನಲು ನನಗೆ ಬಾಯಿ ಬರುವುದಿಲ್ಲ, ಹೆದರಿದವರು ಅಷ್ಟೇ. ಆದರೆ ಹನ್ನೆರಡು ತಾಸು ಬೇರೆಯವರ ತಂದೆ ತಾಯಿಯನ್ನು ನೋಡಿಕೊಂಡು ಬಂದ ಮಗಳಿಗೆ ಆ ವ್ಯತ್ಯಾಸ ವಿಂಗಡಿಸುವ ತ್ರಾಣ ಎಲ್ಲಿಂದ ಬರಬೇಕು?

ಅದಕ್ಕಿಂತ ದೊಡ್ಡದೂ ನಮ್ಮೂರಿನಲ್ಲಿ ನಡೆಯಿತು. 2020ರ ಜುಲೈ 22ರ ರಾತ್ರಿ ಬಿಮ್ಸ್‌ನಲ್ಲಿ ಕೊರೊನಾ ರೋಗಿಯೊಬ್ಬರು ತೀರಿಕೊಂಡಾಗ, ಅವರ ಕಡೆಯವರು ಸಿಟ್ಟಿಗೆದ್ದು ಆಸ್ಪತ್ರೆಗೆ ಕಲ್ಲು ತೂರಿದರು, ಆಂಬುಲೆನ್ಸ್‌ಗೆ ಬೆಂಕಿ ಹಚ್ಚಿದರು. ಒಳಗೆ ಆಗ ರಾತ್ರಿ ಪಾಳಿ ನಡೆದಿತ್ತು. ಆರೋಗ್ಯ ಸಿಬ್ಬಂದಿಯ ಮೇಲೆ ಕೈ ಮಾಡಿದರೆ ಮೂರು ತಿಂಗಳಿಂದ ಐದು ವರ್ಷದವರೆಗೆ, ತೀವ್ರ ಗಾಯ ಮಾಡಿದರೆ ಆರು ತಿಂಗಳಿಂದ ಏಳು ವರ್ಷದವರೆಗೆ ಜೈಲು ಎಂದು ಕೇಂದ್ರ ಸರಕಾರ ಅದೇ ವರ್ಷ ಏಪ್ರಿಲ್ 22ರಂದು ಸುಗ್ರೀವಾಜ್ಞೆ ತಂದಿತ್ತು, ಸೆಪ್ಟೆಂಬರ್‌ನಲ್ಲಿ ಅದು ಕಾಯ್ದೆಯೂ ಆಯಿತು. ಬೇಕಾಗಿತ್ತು, ಬಂತು. ಆದರೆ ಕಾಯ್ದೆ ಕಲ್ಲು ತೂರಿದವನನ್ನು ಹಿಡಿಯುತ್ತದೆ, ಮರುದಿನ ಅದೇ ಬಾಗಿಲಿನಿಂದ ಒಳಗೆ ಹೋಗುವವಳ ಎದೆ ಬಡಿತವನ್ನು ಇಳಿಸುವುದಿಲ್ಲ. ಅದಕ್ಕೆ ಬೇರೆ ಏರ್ಪಾಡು ಬೇಕು.

ಖಾನಾಪುರದ ಕಡೆ ಹೋದರೆ ಚಿತ್ರ ಬದಲಾಗುತ್ತದೆ. ಅಲ್ಲಿ ದೊಡ್ಡ ವಾರ್ಡಿಲ್ಲ, ಮಾನಿಟರ್ ಇಲ್ಲ. ಉಪಕೇಂದ್ರದಲ್ಲಿ ಒಬ್ಬಳೇ ಎಎನ್ಎಂ, ಅಂದರೆ ಹಳ್ಳಿಯ ಆರೋಗ್ಯ ಸಹಾಯಕಿ, ಅವಳ ಜೊತೆಗೆ ಆಶಾ ಕಾರ್ಯಕರ್ತೆಯರು. ಎಎನ್ಎಂಗೆ ಊರವರು ನರ್ಸಬಾಯಿ ಎನ್ನುತ್ತಾರೆ. ಭೀಮಗಡ ಕಾಡಿನೊಳಗಿನ ಗವಾಳಿ, ಪಾಸ್ತೋಳಿ, ಆಮಗಾಂವದಂಥ ಊರುಗಳು ಮಳೆಗಾಲ ಹಿಡಿದರೆ ಹೊರಗಿನ ಲೋಕದಿಂದ ಕಡಿದುಹೋಗುತ್ತವೆ. ಹಳ್ಳ ತುಂಬಿದಾಗ ರೋಗಿಯನ್ನು ಕಟ್ಟಿಗೆಗೆ ಕಟ್ಟಿ ಹೆಗಲ ಮೇಲೆ ಹೊತ್ತು ತರಬೇಕು. ಈ ಕಡೆಯ ಹಲವರು ದುಡಿಯುವುದು ಗೋವಾದಲ್ಲಿ. ಲಾಕ್‌ಡೌನ್ ಆದಾಗ ಅವರೆಲ್ಲ ಊರಿಗೆ ಮರಳಿದರು. ಯಾರು ಬಂದರು, ಎಲ್ಲಿ ಮಲಗಿದರು, ಜ್ವರ ಇದೆಯೇ ಎಂದು ಮನೆಮನೆಗೆ ಹೋಗಿ ಬರೆದುಕೊಳ್ಳುವ ಕೆಲಸ ನರ್ಸಬಾಯಿಯದು. ಒಂದು ಮನೆಯಲ್ಲಿ ಮರಾಠಿ, ಮತ್ತೊಂದರಲ್ಲಿ ಕೊಂಕಣಿ, ಇನ್ನೊಂದರಲ್ಲಿ ಕನ್ನಡ. ಎಷ್ಟೋ ಮನೆಯಲ್ಲಿ ಉತ್ತರವೇ ಇಲ್ಲ. ನರ್ಸಬಾಯಿ ಬಂದಳೆಂದರೆ ಮನೆಯವರನ್ನು ಎತ್ತಿಕೊಂಡು ಹೋಗುತ್ತಾರೆಂಬ ಅಂಜಿಕೆಗೆ ಬಾಗಿಲು ಹಾಕುತ್ತಿದ್ದರು.

2021ರ ಜನವರಿ 16ರಿಂದ ಲಸಿಕೆ ಹಾಕುವುದು ಶುರುವಾಯಿತು. ಮೊದಲು ಆರೋಗ್ಯ ಸಿಬ್ಬಂದಿ, ಆಮೇಲೆ ಊರಿನವರು. ನಿನ್ನೆಯವರೆಗೆ ಬಾಗಿಲು ಹಾಕಿಕೊಂಡವರ ತೋಳಿಗೆ ಇವತ್ತು ಸೂಜಿ ಚುಚ್ಚಬೇಕು, ಅವರಿಗೆ ಜ್ವರ ಬಂದರೆ ನಾಳೆ ಜವಾಬು ಕೊಡಬೇಕು. ನಗರದ ನರ್ಸ್‌ಗೆ ಜೊತೆಯವರಿದ್ದರು. ಕಿಟ್ ಬಿಚ್ಚುವ ಖೋಲಿಯಲ್ಲಿ ಗೋಡೆಗೆ ಒರಗಿ ಎರಡು ನಿಮಿಷ ಬೈದಾಡಿಕೊಂಡರೂ ಮನಸ್ಸು ಹಗುರವಾಗುತ್ತಿತ್ತು. ಕಾಡಂಚಿನ ನರ್ಸಬಾಯಿಗೆ ಬೈದುಕೊಳ್ಳಲೂ ಜೊತೆಯಿಲ್ಲ. ಒಂಟಿತನ ಅಂದರೆ ಊರಲ್ಲಿ ಯಾರೂ ಇಲ್ಲ ಎಂದಲ್ಲ, ತನ್ನ ಕೆಲಸ ತಿಳಿದವರು ಯಾರೂ ಇಲ್ಲ ಎಂದು.

ಇದೆಲ್ಲ ನಮ್ಮ ಕಡೆಯ ಮಾತಾಯಿತು. ಜಗತ್ತಿನ ಅನುಭವವೂ ಇದನ್ನೇ ಹೇಳುತ್ತದೆ. ಕೊರೊನಾದ ಆರಂಭದಲ್ಲೇ ಚೀನಾದ 34 ಆಸ್ಪತ್ರೆಗಳ 1257 ವೈದ್ಯರು ಮತ್ತು ನರ್ಸ್‌ಗಳನ್ನು ಕೇಳಿ ಮಾಡಿದ ಒಂದು ಅಧ್ಯಯನ 2020ರ ಮಾರ್ಚ್‌ನಲ್ಲಿ ಪ್ರಕಟವಾಯಿತು. ಅವರಲ್ಲಿ ಅರ್ಧದಷ್ಟು ಜನರಲ್ಲಿ ಖಿನ್ನತೆಯ ಲಕ್ಷಣಗಳಿದ್ದವು, ಮೂರರಲ್ಲಿ ಒಬ್ಬರಿಗೆ ನಿದ್ದೆ ಕೆಟ್ಟಿತ್ತು. ನರ್ಸ್‌ಗಳಲ್ಲಿ, ಹೆಂಗಸರಲ್ಲಿ, ರೋಗಿಯ ಹತ್ತಿರ ನಿಂತವರಲ್ಲಿ ತೊಂದರೆ ಇನ್ನೂ ಹೆಚ್ಚು. ರೋಗಿಯ ಹತ್ತಿರ ಹೆಚ್ಚು ಹೊತ್ತು ನಿಲ್ಲುವವರು ಯಾರೆಂದು ನಿಮಗೆ ಗೊತ್ತೇ ಇದೆ.

ಅದಕ್ಕಿಂತ ನನಗೆ ಹೆಚ್ಚು ಮುಖ್ಯವೆನಿಸಿದ್ದು ಕೆನಡಾದ ಟೊರಾಂಟೊ ನಗರದ ಅನುಭವ. 2003ರಲ್ಲಿ ಅಲ್ಲಿ ಸಾರ್ಸ್ ರೋಗ ಬಂದಿತ್ತು, ಕೆಲವೇ ತಿಂಗಳಲ್ಲಿ ಹೋಯಿತು. ಒಂದರಿಂದ ಎರಡು ವರ್ಷ ಕಳೆದ ಮೇಲೆ ಸಂಶೋಧಕರು ಆ ಆಸ್ಪತ್ರೆಗಳ ಸಿಬ್ಬಂದಿಯನ್ನು ಮಾತನಾಡಿಸಿದರು, ಸಾರ್ಸ್ ಕಾಣದ ಪಕ್ಕದ ಹ್ಯಾಮಿಲ್ಟನ್ ನಗರದವರ ಜೊತೆ ಹೋಲಿಸಿ ನೋಡಿದರು. ರೋಗ ಹೋದ ಮೇಲೂ ಟೊರಾಂಟೊದವರಲ್ಲಿ ದಣಿವು, ಕಳವಳ ಹೆಚ್ಚಿತ್ತು. ಹಲವರು ರೋಗಿಗಳ ಹತ್ತಿರ ಹೋಗುವುದನ್ನೇ ಕಡಿಮೆ ಮಾಡಿದ್ದರು. ಯಾರಿಗೆ ಸರಿಯಾದ ತರಬೇತಿ, ರಕ್ಷಣೆ, ಆಸ್ಪತ್ರೆಯ ಬೆಂಬಲ ಸಿಕ್ಕಿತ್ತೆಂಬ ಭಾವನೆ ಇತ್ತೋ ಅವರು ಮಾತ್ರ ಹೆಚ್ಚು ಬಳಲಿರಲಿಲ್ಲ. ಎರಡು ಪಾಠ ಇಲ್ಲಿವೆ. ರೋಗ ಹೋದ ಕೂಡಲೇ ಮನಸ್ಸಿನ ಬಾಧೆ ಹೋಗುವುದಿಲ್ಲ. ಮತ್ತು ಆ ಬಾಧೆ ಹಣೆಬರಹವಲ್ಲ, ಆಸ್ಪತ್ರೆ ಮನಸ್ಸು ಮಾಡಿದರೆ ತಗ್ಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ವೃತ್ತಿಯ ಬಳಲಿಕೆಯನ್ನು ವಿವರಿಸುವಾಗಲೂ ಅದನ್ನು ರೋಗವೆನ್ನಲಿಲ್ಲ, ಕೆಲಸದ ಜಾಗದ ಒತ್ತಡವನ್ನು ಸರಿಯಾಗಿ ನಿಭಾಯಿಸದಿದ್ದರೆ ಬರುವ ಸ್ಥಿತಿ ಎಂದಿತು. ಸರಿಪಡಿಸಬೇಕಾದದ್ದು ಕೆಲಸದ ಜಾಗವನ್ನು.

ಮಹಾಮಾರಿಯ ನಡುವೆ ಮಾಡುವ ಇಂಥ ಸೇವೆ ನಮ್ಮ ನೆಲಕ್ಕೆ ಹೊಸದಲ್ಲ. 1896ರಲ್ಲಿ ಮುಂಬಯಿಗೆ ಬಂದ ಪ್ಲೇಗು ಮುಂದಿನ ವರ್ಷಗಳಲ್ಲಿ ಬೆಳಗಾವಿ, ಧಾರವಾಡ, ಹುಬ್ಬಳ್ಳಿಗಳನ್ನೆಲ್ಲ ಹಿಡಿಯಿತು. ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡರು. ಪುಣೆಯಲ್ಲಿ ಪ್ಲೇಗಿನ ರೋಗಿಗಳ ಶುಶ್ರೂಷೆ ಮಾಡುತ್ತಲೇ ಸೋಂಕು ತಗುಲಿ ಸಾವಿತ್ರಿಬಾಯಿ ಫುಲೆಯವರು 1897ರ ಮಾರ್ಚ್ 10ರಂದು ತೀರಿಕೊಂಡರು. ದೂರದ ಇಂಗ್ಲೆಂಡಿನಲ್ಲಿ, ಆಧುನಿಕ ನರ್ಸಿಂಗ್‌ಗೆ ಬುನಾದಿ ಹಾಕಿದ ಫ್ಲಾರೆನ್ಸ್ ನೈಟಿಂಗೇಲ್ ಕೂಡ ಕ್ರಿಮಿಯಾ ಯುದ್ಧದಿಂದ 1856ರಲ್ಲಿ ಮರಳಿದ ಮೇಲೆ ಹಲವು ವರ್ಷ ಕೋಣೆ ಬಿಟ್ಟು ಹೊರಬರಲಾರದಷ್ಟು ಕುಗ್ಗಿದ್ದರು. ನಾವು ಅವರ ದೀಪದ ಚಿತ್ರವನ್ನು ಕಾಲೇಜಿನ ಗೋಡೆಗೆ ಹಾಕಿದೆವು, ಅವರ ಕೋಣೆಯ ವರ್ಷಗಳನ್ನು ಪಾಠದಲ್ಲಿ ಸೇರಿಸಲಿಲ್ಲ. ಅವರು ಹುಟ್ಟಿ ಇನ್ನೂರು ವರ್ಷವಾಯಿತೆಂದು 2020ನ್ನು ನರ್ಸ್‌ಗಳ ಮತ್ತು ಸೂಲಗಿತ್ತಿಯರ ಅಂತರರಾಷ್ಟ್ರೀಯ ವರ್ಷವೆಂದು ವಿಶ್ವ ಆರೋಗ್ಯ ಸಂಸ್ಥೆ ಮೊದಲೇ ಸಾರಿತ್ತು. ಆ ವರ್ಷ ಹೇಗೆ ಆಚರಣೆಯಾಯಿತೆಂದು ನೀವೇ ನೋಡಿದ್ದೀರಿ. ಮೇ 3ರಂದು ಆಸ್ಪತ್ರೆಗಳ ಮೇಲೆ ಹೆಲಿಕಾಪ್ಟರ್‌ನಿಂದ ಹೂವು ಸುರಿಸಿದರು. ಅದೇ ವರ್ಷ ಪ್ರಕಟವಾದ ಲೆಕ್ಕದ ಪ್ರಕಾರ ಜಗತ್ತಿನಲ್ಲಿ ಸುಮಾರು 59 ಲಕ್ಷ ನರ್ಸ್‌ಗಳ ಕೊರತೆ ಇತ್ತು. ಹೂವಿಗೆ ಕೊರತೆ ಇರಲಿಲ್ಲ.

ತ್ಯಾಗ ಎಂಬ ಮಾತನ್ನು ನಾನು ಗೌರವಿಸುತ್ತೇನೆ, ಆದರೆ ಅದನ್ನು ಆಡುವವರ ಬಗ್ಗೆ ಸ್ವಲ್ಪ ಎಚ್ಚರದಿಂದಿರುತ್ತೇನೆ. ತ್ಯಾಗಿ ಎಂದು ಹೊಗಳಿಸಿಕೊಂಡವಳು "ನನಗ ಇವತ್ತ ಆಗಂಗಿಲ್ರಿ, ರಜಾ ಬೇಕು" ಎಂದು ಕೇಳುವುದು ಹೇಗೆ? ದೇವತೆಗೆ ರಜೆ ಇಲ್ಲ, ನಿದ್ದೆ ಇಲ್ಲ, ಸಂಬಳದ ಮಾತಂತೂ ಇಲ್ಲವೇ ಇಲ್ಲ. ಕೆಲಸದಲ್ಲಿ ಸತ್ತರೆ ಕುಟುಂಬಕ್ಕೆ 50 ಲಕ್ಷ ರೂಪಾಯಿ ವಿಮೆ ಎಂದು 2020ರ ಮಾರ್ಚ್ ಕೊನೆಯಲ್ಲಿ ಸರಕಾರ ಹೇಳಿತು. ಗುತ್ತಿಗೆಯವರನ್ನೂ ಆಶಾ ಕಾರ್ಯಕರ್ತೆಯರನ್ನೂ ಸೇರಿಸಿತು. ಒಳ್ಳೆಯದಾಯಿತು. ಸಾಯದೆ ಉಳಿದು ರಾತ್ರಿಯೆಲ್ಲ ಕಣ್ಣು ಬಿಟ್ಟು ಮಲಗಿದವಳಿಗೆ ಆ ಯೋಜನೆಯಲ್ಲಿ ಕಲಮು ಇರಲಿಲ್ಲ.

ಒಂದೆರಡು ಕಡೆ ಸರಿಯಾದ ಗಂಟಿಗೆ ಕೈ ಹಾಕಿದ್ದನ್ನೂ ಹೇಳಬೇಕು. ವೈದ್ಯರಿಗೆ, ಆರೋಗ್ಯ ಸಿಬ್ಬಂದಿಗೆ ಸಂಬಳ ಸರಿಯಾಗಿ ಸಿಗಬೇಕು, ಇರಲು ಬೇರೆ ಜಾಗ ಕೊಡಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜೂನ್‌ನಲ್ಲಿ ಹೇಳಿತು. ಕ್ವಾರಂಟೈನ್ ದಿನಗಳನ್ನು ರಜೆಯ ಲೆಕ್ಕಕ್ಕೆ ಹಿಡಿಯಬಾರದು ಎಂಬ ಮಾತೂ ಅದೇ ಪ್ರಕರಣದಲ್ಲಿ ಮುಂದೆ ಬಂತು. ನೋಡಿದರೆ ಇದು ಸಂಬಳ, ರಜೆ, ವಸತಿಯ ಮಾತು. ನನ್ನ ಪ್ರಕಾರ ಆ ವರ್ಷ ನರ್ಸ್‌ಗಳ ಮಾನಸಿಕ ಆರೋಗ್ಯದ ಬಗ್ಗೆ ಆಡಿದ ಒಳ್ಳೆಯ ಮಾತುಗಳಲ್ಲಿ ಇದೂ ಒಂದು.

ಇನ್ನು ಮನಸ್ಸು ನಿಜಕ್ಕೂ ಕೆಟ್ಟಾಗ ಏನು? ನಮ್ಮ ಕಡೆ ಯಾರಾದರೂ ಸ್ವಲ್ಪ ವಿಚಿತ್ರವಾಗಿ ನಡೆದುಕೊಂಡರೆ "ಇವನ್ನ ಧಾರವಾಡಕ್ಕ ಕಳಸ್ಬೇಕು" ಎನ್ನುವ ರೂಢಿ ಇದೆ. ಧಾರವಾಡದಲ್ಲಿ 1845ರಿಂದ ಇರುವ ಮಾನಸಿಕ ಆಸ್ಪತ್ರೆ, ಈಗಿನ ಡಿಮ್ಹಾನ್ಸ್, ಅದಕ್ಕೆ ಕಾರಣ. ನಗೆಚಾಟಿಕೆಗೆ ಆಡುವ ಈ ಮಾತು ನರ್ಸ್‌ಗಳಿಗೂ ತಗಲುತ್ತದೆ. ನನಗೆ ಫೋನ್ ಮಾಡುತ್ತಿದ್ದ ಒಬ್ಬಳಿಗೆ ಮನೋವೈದ್ಯರನ್ನು ನೋಡು ಎಂದಾಗ ಅವಳ ಮೊದಲ ಮಾತು ಇದು: "ನಮ್ಮ ಆಸ್ಪತ್ರ್ಯಾಗ ಗೊತ್ತಾತಂದ್ರ ಐಸಿಯು ಡ್ಯೂಟಿ ಕೊಡಂಗಿಲ್ರಿ. ಮನಿಯಾಗ ಗೊತ್ತಾತಂದ್ರ ಲಗ್ನ ಮುರೀತೈತಿ." ಮಾನಸಿಕ ರೋಗಿಯನ್ನು ಗೌರವದಿಂದ ನೋಡಬೇಕೆಂದು ಪರೀಕ್ಷೆಯಲ್ಲಿ ಬರೆದು ಪಾಸಾದ ಹುಡುಗಿ ಅವಳು. ತನ್ನ ಸರದಿ ಬಂದಾಗ ಓದಿದ್ದು ಕೈಹಿಡಿಯಲಿಲ್ಲ. ಗುಟ್ಟು ಉಳಿಯುವ ಭರವಸೆ ಇದ್ದರೆ ಮಾತ್ರ ನರ್ಸ್ ಬಾಯಿ ಬಿಡುತ್ತಾಳೆ ಎಂಬುದು ಆಡಳಿತದವರಿಗೆ ತಿಳಿದಿರಬೇಕು.

ಈಗ ನೆರವು ಪಡೆಯುವ ದಾರಿ ಮೊದಲಿಗಿಂತ ಸುಲಭವಾಗಿದೆ. ಕೊರೊನಾ ಬಂದ ಹೊಸದರಲ್ಲೇ ಬೆಂಗಳೂರಿನ ನಿಮ್ಹಾನ್ಸ್ ಸಹಾಯವಾಣಿ ತೆರೆದಿತ್ತು. 2022ರ ಅಕ್ಟೋಬರ್ 10ರಿಂದ ಟೆಲಿ ಮಾನಸ್ ಎಂಬ ರಾಷ್ಟ್ರೀಯ ಸೇವೆ ಇದೆ. ಸಂಖ್ಯೆ 14416. ಮತ್ತೊಮ್ಮೆ ಹೇಳುತ್ತೇನೆ, ಒಂದು ನಾಲ್ಕು ನಾಲ್ಕು ಒಂದು ಆರು. ಹಗಲು ರಾತ್ರಿ ಯಾವಾಗಲೂ ಮಾಡಬಹುದು, ಹಣವಿಲ್ಲ, ಕನ್ನಡದಲ್ಲೂ ಮರಾಠಿಯಲ್ಲೂ ಮಾತನಾಡಬಹುದು. ರಾಜ್ಯದ ಮನೋಚೈತನ್ಯ ಕಾರ್ಯಕ್ರಮದಲ್ಲಿ ತಾಲೂಕು ಆಸ್ಪತ್ರೆಗಳಿಗೆ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ.

ಯಾವಾಗ ಫೋನ್ ಮಾಡಬೇಕು? ಎರಡು ವಾರ ಕಳೆದರೂ ನಿದ್ದೆ ಸರಿಹೋಗದಿದ್ದರೆ. ಕುಕ್ಕರಿನ ಸೀಟಿ ಕೇಳಿದರೂ ಮಾನಿಟರ್ ಕೂಗಿದಂತೆ ಎದೆ ಹಾರಿದರೆ. ಮಕ್ಕಳ ಮೇಲೆ ಸುಮ್ಮಸುಮ್ಮನೆ ರೇಗಿ ಆಮೇಲೆ ಕೂತು ಅತ್ತರೆ. ಏನೂ ಅನ್ನಿಸದೆ, ಸಾವೂ ಒಂದು ರಿಜಿಸ್ಟರ್‌ನ ಸಾಲಿನಂತೆ ಕಂಡರೆ. ವಾರ್ಡಿನ ಕಪಾಟಿನಲ್ಲಿ ನಿದ್ದೆಯ ಗುಳಿಗೆ ಕೈಗೆ ಸಿಗುತ್ತದೆಂದು ತಾನೇ ತೆಗೆದುಕೊಳ್ಳುವ ಮನಸ್ಸಾದರೆ. ಬದುಕುವುದು ಸಾಕೆನಿಸಿದರೆ ಎರಡು ವಾರ ಕಾಯಬೇಡಿ, ಆ ಗಳಿಗೆಯಲ್ಲೇ ಫೋನ್ ಮಾಡಿ, ಒಬ್ಬರೇ ಇರಬೇಡಿ, ಹತ್ತಿರದವರನ್ನು ಕರೆದುಕೊಳ್ಳಿ.

ವಾರ್ಡಿನ ಇನ್‌ಚಾರ್ಜ್ ಸಿಸ್ಟರ್‌ಗಳಿಗೂ ಒಂದು ಮಾತು. ಪಾಳಿ ಮುಗಿದ ಮೇಲೆ ಹತ್ತು ನಿಮಿಷ ಎಲ್ಲರನ್ನೂ ಕೂರಿಸಿ. ರೋಗಿಯ ಔಷಧದ ಹ್ಯಾಂಡೋವರ್ ಆಗುತ್ತದೆ, ಮನಸ್ಸಿನ ಹ್ಯಾಂಡೋವರ್ ಕೂಡ ಆಗಲಿ. ಇವತ್ತು ಯಾರಿಗೆ ಏನು ಕಷ್ಟವಾಯಿತು, ಅಷ್ಟು ಹೇಳಿಕೊಂಡರೆ ಸಾಕು. ತಪ್ಪು ಹುಡುಕಬೇಡಿ, ಬರೆದುಕೊಳ್ಳಬೇಡಿ. ಹೊಸ ಹುಡುಗಿಗೆ ಒಂದರ ಮೇಲೊಂದು ಸಾವು ನೋಡುವ ಬೆಡ್ಡುಗಳನ್ನೇ ಕೊಡಬೇಡಿ, ನಡುವೆ ಗುಣವಾಗಿ ಮನೆಗೆ ಹೋಗುವವರನ್ನೂ ಕೊಡಿ. ಚೇತರಿಸಿಕೊಂಡ ರೋಗಿ ಹೊರಡುವಾಗ ಅವಳೇ ಬಾಗಿಲತನಕ ಹೋಗಿ ಬರಲಿ.

ಮನೆಯವರಿಗೆ ನನ್ನ ಬಿನ್ನಹ ಸಣ್ಣದು. ರಾತ್ರಿ ಪಾಳಿ ಮುಗಿಸಿ ಬಂದವಳನ್ನು ಮಲಗಲು ಬಿಡಿ. ಹಗಲು ಮಲಗಿದ ಸೊಸೆಯನ್ನು ನೋಡಿ ಅತ್ತೆ ಪಾತ್ರೆ ಸದ್ದು ಮಾಡುವ ಮನೆಗಳು ನಮ್ಮಲ್ಲಿ ಇನ್ನೂ ಇವೆ. ಅವಳ ನಿದ್ದೆ ಸೋಮಾರಿತನವಲ್ಲ, ನಾಳಿನ ರೋಗಿಯ ಸುರಕ್ಷತೆ. "ನೀ ಗಟ್ಟಿ ಇದ್ದಿ, ನಿನಗೇನಾಗೂದಿಲ್ಲ" ಎನ್ನಬೇಡಿ. "ಊಟ ಮಾಡಿದಿ ಏನು?" ಎಂದು ಕೇಳಿ, ತಾಟು ಹಾಕಿ, ಸುಮ್ಮನೆ ಹತ್ತಿರ ಕೂಡಿ. ಹೇಳಬೇಕೆನಿಸಿದಾಗ ಅವಳೇ ಹೇಳುತ್ತಾಳೆ.

ಕೊನೆಯದಾಗಿ ನಮ್ಮೆಲ್ಲರಿಗೆ. ಕೊರೊನಾ ಕಾಲದಲ್ಲಿ ಬೆಡ್ ಎಷ್ಟಿವೆ, ಆಕ್ಸಿಜನ್ ಎಷ್ಟಿದೆ ಎಂದು ಕೇಳಲು ನಾವು ಕಲಿತೆವು. 2021ರ ಮೇ ತಿಂಗಳ ಆರಂಭದಲ್ಲಿ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಒಂದೇ ದಿನ 24 ರೋಗಿಗಳು ತೀರಿಕೊಂಡ ಮೇಲಂತೂ ಸಿಲಿಂಡರಿನ ಲೆಕ್ಕ ಹಳ್ಳಿಹಳ್ಳಿಯಲ್ಲಿ ಕೇಳಿದೆವು. ಆ ಸಿಲಿಂಡರಿನ ಹತ್ತಿರ ನಿಂತವರ ಲೆಕ್ಕ ಕೇಳುವುದನ್ನು ಮಾತ್ರ ಇನ್ನೂ ಕಲಿಯಬೇಕಿದೆ. ಇನ್ನೊಂದು ರೋಗ ಬಂದೀತು. ಆಗ ನಿಮ್ಮ ಊರಿಗೆ ಮಂತ್ರಿಗಳೋ ಅಧಿಕಾರಿಗಳೋ ಬಂದು ಆಸ್ಪತ್ರೆ ಸಜ್ಜಾಗಿದೆ ಎಂದರೆ, ಬೆಡ್ ಮತ್ತು ಆಕ್ಸಿಜನ್ ಆದ ಮೇಲೆ ಮೂರನೆಯ ಪ್ರಶ್ನೆಯನ್ನೂ ಕೇಳಿ: ಬದಲಿ ನರ್ಸ್‌ಗಳು ಎಷ್ಟು ಜನ ಇದ್ದಾರೆ, ಒಬ್ಬರಿಗೆ ಎಷ್ಟು ದಿನಕ್ಕೊಮ್ಮೆ ರಜೆ? ಉತ್ತರ ತಡವರಿಸಿದರೆ ಆಸ್ಪತ್ರೆ ಇನ್ನೂ ಸಜ್ಜಾಗಿಲ್ಲ ಎಂದು ತಿಳಿದುಕೊಳ್ಳಿ. ರೋಗ ಬರುವ ಮೊದಲೇ ಈ ಪ್ರಶ್ನೆ ಕೇಳಿದರೆ ಇನ್ನೂ ಒಳ್ಳೆಯದು. ಹುದ್ದೆ ತುಂಬಲು ಕಾಲ ಬೇಕಾಗುತ್ತದೆ, ರೋಗ ಅಷ್ಟು ಕಾಲ ಕೊಡುವುದಿಲ್ಲ.